ಅತ್ತೆಯ ನಿದ್ದೆಗೊಂದು ಟೈಮರು

ಅತ್ತೆ, ಮಾವ, ಮಗಳು, ಮನೆಯಳಿಯ ಇದ್ದ ಆ ಮನೆಯಲ್ಲಿ ಯಾರೂ ಯಾರ ತಪ್ಪನ್ನೂ ಮುಖಕ್ಕೆ ಹೇಳುತ್ತಿರಲಿಲ್ಲ. ಕಣ್ಣಿಗೆ ಬಿದ್ದವರು ಸದ್ದಿಲ್ಲದೆ ಸರಿ ಮಾಡಿ, ಏನೂ ಆಗಿಲ್ಲವೆಂಬಂತೆ ಹೋಗಿಬಿಡುತ್ತಿದ್ದರು. ಅಂಗಡಿಯ ಗೋಡೆ ಗಡಿಯಾರ ಸ್ವಲ್ಪ ಮುಂದೆ ಓಡಿದರೆ ಮಾವ ಅದನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಅವರು ತಿರುಗಿಸಿದ್ದು ತಿಳಿಯದ ಮಗಳು ಮತ್ತೊಮ್ಮೆ ತಿರುಗಿಸುತ್ತಿದ್ದಳು. ಹೀಗೆ ಇಬ್ಬರೂ ಸೇರಿ ಸರಿ ಮಾಡಿದ ದಿನ ಲಾಂಡ್ರಿಯ ಬಾಗಿಲು ತಡವಾಗಿ ತೆರೆಯುತ್ತಿತ್ತು.

ಕೆಳಗೆ ಲಾಂಡ್ರಿ, ಮೇಲೆ ಮನೆ. ಬೀದಿಯ ನಲ್ಲಿಯಿಂದ ನೆಲದ ತೊಟ್ಟಿಗೆ ನೀರು ತುಂಬುವುದು ಮಧ್ಯಾಹ್ನದ ಹೊತ್ತಿಗೆ. ಎರಡು ಗಂಟೆಗೆ ಮೋಟರು ಹಾಕಿ ಆ ನೀರನ್ನು ಚಾವಣಿಯ ಟ್ಯಾಂಕಿಗೆ ಏರಿಸಬೇಕು, ಮೂರಕ್ಕೆ ಆರಿಸಬೇಕು. ಮರೆತರೆ ಟ್ಯಾಂಕು ತುಂಬಿ, ಪಕ್ಕದ ಟೈಲರ ತಗಡಿನ ಮಾಡಿನ ಮೇಲೆ ಸುರಿಯುತ್ತದೆ. ಮದುವೆಯಾಗಿ ಬಂದ ದಿನದಿಂದ ಈ ಕೆಲಸ ಅತ್ತೆಯದು. ಊಟ ಮುಗಿಸಿ ಮೇಲೆ ಹೋಗಿ ದಿಂಬಿಗೆ ತಲೆ ಕೊಡುತ್ತಿದ್ದರು, ಕಣ್ಣು ಅಂಟುವಷ್ಟರಲ್ಲಿ ಎರಡಾಗುತ್ತಿತ್ತು. ಮಂಡಿ ಹಿಡಿದುಕೊಂಡು ಇಳಿದು, ಸ್ವಿಚ್ಚು ಒತ್ತಿ, ಹತ್ತಿ, ಮತ್ತೆ ಮಲಗಿದರೆ ಮೂರಾಗುತ್ತಿತ್ತು. ಬೇರೆಯವರು ಹಾಕುತ್ತೇವೆಂದರೂ ಬಿಡುತ್ತಿರಲಿಲ್ಲ. ಒಮ್ಮೆ ಮಾವನಿಗೆ ಬಿಟ್ಟು ಟೈಲರ ಅಂಗಡಿ ತೊಯ್ದದ್ದನ್ನು ಅವರು ಮರೆತಿರಲಿಲ್ಲ. ಹೇಳಿಯೂ ಇರಲಿಲ್ಲ.

"ಒಂದೇ ಒಂದು ಮಧ್ಯಾಹ್ನ ನಡುವೆ ಏಳದೆ ಮಲಗಬೇಕು ಅನ್ನಿಸುತ್ತೆ ನೋಡು," ಎಂದು ಅವರು ಮಗಳ ಹತ್ತಿರ ಹೇಳಿದ್ದು ಅಳಿಯನ ಕಿವಿಗೆ ಬಿತ್ತು.

ಅಳಿಯ ಹಗಲು ಒಗೆದ ಬಟ್ಟೆಗಳ ಗಂಟುಗಳನ್ನು ಮನೆಮನೆಗೆ ತಲುಪಿಸಿ, ಸಂಜೆ ತರಗತಿಗೆ ಹೋಗಿ ವಿದ್ಯುತ್ ಕೆಲಸ ಕಲಿತವನು. ಪರೀಕ್ಷೆ ಪಾಸಾಗಿದ್ದ. ಆದರೂ ಮನೆಯ ಬಲ್ಬು ಬದಲಿಸುವಾಗಲೂ ಮೇನ್ ಸ್ವಿಚ್ಚು ಆರಿಸಿ, ಟೆಸ್ಟರು ಹಿಡಿದು ನೋಡಿ, ಆ ಟೆಸ್ಟರಾದರೂ ಸರಿಯಿದೆಯೋ ಇಲ್ಲವೋ ಎಂದು ಇನ್ನೊಂದರಿಂದ ನೋಡುವ ಸ್ವಭಾವ. ಬಲ್ಬು ಹಾಕಿಸಿಕೊಳ್ಳಬೇಕಾದರೆ ಅರ್ಧ ದಿನ ರಜೆ ಹಾಕಬೇಕು ಎಂದು ಹೆಂಡತಿ ಛೇಡಿಸುತ್ತಿದ್ದಳು.

ಅತ್ತೆಯ ಮಾತು ಕೇಳಿದ ಮೇಲೆ ಅವನು ಒಂದು ಡಿಜಿಟಲ್ ಟೈಮರ್ ತಂದ. ಅಂಗೈಯಗಲದ ಬಿಳಿ ಪೆಟ್ಟಿಗೆ, ಮೇಲೆ ಪುಟ್ಟ ಪರದೆ, ಅದರ ಕೆಳಗೆ ಬೆರಳಿಗೆ ಸಿಗದಂಥ ಗುಂಡಿಗಳು. ಇಷ್ಟು ಹೊತ್ತಿಗೆ ಆನ್, ಇಷ್ಟು ಹೊತ್ತಿಗೆ ಆಫ್ ಎಂದು ಒಮ್ಮೆ ಹೇಳಿಕೊಟ್ಟರೆ ದಿನಾ ತಾನಾಗಿಯೇ ಮಾಡುತ್ತದೆ. ಅದರೊಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚು ಬಡಪಾಯಿ, ಮೋಟರಿನ ಭಾರ ಹೊರಲಾರದು. ಅದಕ್ಕೇ ಕಾಂಟ್ಯಾಕ್ಟರ್ ಎಂಬ ದಪ್ಪ ಸ್ವಿಚ್ಚನ್ನೂ ತಂದ. ಟೈಮರು ಕಾಂಟ್ಯಾಕ್ಟರಿಗೆ ಹೇಳುತ್ತದೆ, ಕಾಂಟ್ಯಾಕ್ಟರು ಮೋಟರಿಗೆ ಹೇಳುತ್ತದೆ. ನಮ್ಮನೆಯಲ್ಲಿ ಅಮ್ಮ ನನಗೆ ಹೇಳಿ, ನಾನು ನಿಮಗೆ ಹೇಳಿದ ಹಾಗೆ ಎಂದಳು ಹೆಂಡತಿ.

ಅವನು ಬೆಳಗ್ಗೆಯಿಂದ ಮಹಡಿ ಮೆಟ್ಟಿಲ ಕೆಳಗೆ ಕೂತು, ಅಲ್ಲಿನ ಗೋಡೆಯ ಹಲಗೆಯ ಮೇಲೆ ವೈರಿಂಗ್ ಮಾಡಿದ. ಪ್ರೋಗ್ರಾಂ ಹಾಕಿದ, ಎರಡಕ್ಕೆ ಆನ್, ಮೂರಕ್ಕೆ ಆಫ್. ರಾತ್ರಿಯ ಎರಡೋ ಮಧ್ಯಾಹ್ನದ ಎರಡೋ ಎಂದು ಮತ್ತೆ ಮತ್ತೆ ನೋಡಿದ. ಟೈಮರು ಕೈಕೊಟ್ಟರೆ ಇರಲಿ ಎಂದು ಅತ್ತೆಯ ಹಳೆಯ ಸ್ವಿಚ್ಚನ್ನು ಕೀಳದೆ ಅದರ ದಾರಿಯನ್ನೂ ಹಾಗೇ ಉಳಿಸಿದ. ಯಾವುದನ್ನು ಒತ್ತಿದರೂ ಮೋಟರು ಓಡಬೇಕು, ಎರಡೂ ಆರಿದರೆ ಮಾತ್ರ ನಿಲ್ಲಬೇಕು.

ಮಾವನಿಗೆ ಸಂಭ್ರಮ ತಡೆಯಲಾಗಲಿಲ್ಲ. ಅಳಿಯನ ಕೆಲಸ ನೋಡಲೆಂದು ಟೈಲರನ್ನು ಕರೆತಂದರು. ಟೈಲರು ಕತ್ತಿನಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡೇ ಬಂದು, ನೀರು ಬೀಳುವುದು ತನ್ನ ತಲೆಯ ಮೇಲೆ, ಆದ್ದರಿಂದ ನೋಡುವ ಹಕ್ಕು ಎಲ್ಲರಿಗಿಂತ ತನಗೇ ಹೆಚ್ಚು ಎಂದರು.

ಅಳಿಯ ಟೈಮರಿಗೆ ಕರೆಂಟು ಕೊಟ್ಟ. ಕೊಟ್ಟದ್ದೇ ತಡ, ಮೋಟರು ಗುರ್ ಎಂದಿತು. ಮಾವ ಚಪ್ಪಾಳೆ ತಟ್ಟಿದರು. ಅಳಿಯ ಗುಂಡಿ ಒತ್ತಿದ, ಮೋಟರು ನಿಂತಿತು. ಟೈಲರು ತಲೆದೂಗಿದರು. ಆದರೆ ಅಳಿಯ ಪರದೆಯತ್ತ ಬಗ್ಗಿದ. ಮೋಟರು ನಿಂತಾಗ ಪರದೆಯ ಮೇಲೆ ಆನ್ ಎಂದಿತ್ತು. ಮತ್ತೆ ಒತ್ತಿದರೆ ಆಫ್ ಎಂದು ತೋರಿಸಿ ಮೋಟರು ಓಡಿತು.

ತಪ್ಪು ಎಲ್ಲಿ ಎಂದು ಅವನಿಗೆ ಆ ಕ್ಷಣವೇ ಹೊಳೆಯಿತು. ರಿಲೇಗೆ ಎರಡು ಬಾಯಿ. ಸುಮ್ಮನಿದ್ದಾಗ ಮುಚ್ಚಿ ಕರೆಂಟು ಹರಿಸುವುದು ಒಂದು, ತೆರೆದು ತಡೆಯುವುದು ಇನ್ನೊಂದು. ತರಗತಿಯ ಟೈಮರಿನಲ್ಲಿ ತೆರೆದ ಬಾಯಿ ಬಲಗಡೆ ಇತ್ತು, ಇದರಲ್ಲಿ ಎಡಗಡೆ. ಅವನು ಕಣ್ಣು ಮುಚ್ಚಿಕೊಂಡು ಬಲಗಡೆ ತಂತಿ ಸಿಕ್ಕಿಸಿದ್ದ. ಈಗ ಇದು ದಿನವಿಡೀ ಓಡಿ, ಎರಡರಿಂದ ಮೂರರವರೆಗೆ ಮಾತ್ರ ವಿಶ್ರಾಂತಿ ತೆಗೆದುಕೊಳ್ಳುವ ಮೋಟರು. ಟೈಲರ ಎದುರು ಬಿಚ್ಚಿ ಕೂರಲು ಮನಸ್ಸಾಗಲಿಲ್ಲ. ಇವತ್ತಿಗೆ ಪರೀಕ್ಷೆ ಸಾಕು, ನಾಳೆಯಿಂದ ತಾನಾಗಿ ನಡೆಯುತ್ತದೆ ಎಂದು ಟೈಮರಿನ ಕರೆಂಟು ಆರಿಸಿ, ಬಟ್ಟೆಗಂಟು ಹೊತ್ತು ಹೊರಟುಬಿಟ್ಟ. ಸಂಜೆ ಯಾರಿಗೂ ಕಾಣದಂತೆ ಸರಿ ಮಾಡಿದರಾಯಿತು ಎಂದುಕೊಂಡ. ಇಷ್ಟು ವರ್ಷದಲ್ಲಿ ಅವನೂ ಆ ಮನೆಯವನೇ ಆಗಿದ್ದ.

ಅತ್ತ ಮಾವ ಚಪ್ಪಾಳೆ ತಟ್ಟುತ್ತಲೇ ಪರದೆಯನ್ನೂ ನೋಡಿದ್ದರು. ಅಳಿಯನ ಮುಖ ಬಾಡಿದ್ದನ್ನೂ ನೋಡಿದ್ದರು. ಅವನು ಅತ್ತ ಹೋಗುತ್ತಲೇ ಕನ್ನಡಕ ಏರಿಸಿ, ಟೈಮರಿನ ಜೊತೆ ಬಂದ ಕಾಗದ ಓದಿದರು. ತಂತಿಯ ತಂಟೆಗೆ ಹೋಗುವ ಧೈರ್ಯ ಅವರಿಗಿಲ್ಲ. ಆದರೆ ಗುಂಡಿ ಒತ್ತುವುದಕ್ಕೇನು? ಒಳಗಿನ ಬ್ಯಾಟರಿಯಿಂದ ಪರದೆ ಬೆಳಗುತ್ತಲೇ ಇತ್ತು. ತಲೆಕೆಳಗಾಗಿ ಕೆಲಸ ಮಾಡುವ ಪೆಟ್ಟಿಗೆಗೆ ಹೇಳುವುದನ್ನೂ ತಲೆಕೆಳಗಾಗಿಯೇ ಹೇಳಿದರಾಯಿತು. ಎರಡಕ್ಕೆ ಆಫ್, ಮೂರಕ್ಕೆ ಆನ್ ಎಂದು ಅದಲು ಬದಲು ಮಾಡಿ, ಪಾಪ, ಹುಡುಗನ ಮರ್ಯಾದೆ ಉಳಿಯಿತು ಎಂದುಕೊಂಡರು.

ಸಂಜೆ ಅಳಿಯ ಬಂದ. ಮಾವ ಗಿರಾಕಿಗಳ ಜೊತೆ ಇದ್ದಾಗ ಮೆಟ್ಟಿಲ ಕೆಳಗೆ ನುಸುಳಿ, ಬಲಗಡೆಯ ತಂತಿ ಕಿತ್ತು ಎಡಗಡೆ ಸಿಕ್ಕಿಸಿದ. ತಿರುಪು ಬಿಗಿಯಾಗಿದೆಯೇ ನೋಡಿದ, ಎಳೆದು ನೋಡಿದ, ಮತ್ತೆ ಬಿಗಿದ. ಕರೆಂಟು ಕೊಟ್ಟು, ಆಫ್‌ನಲ್ಲಿಟ್ಟು, ಅಲ್ಲಿಂದ ತಾನಾಗಿ ನಡೆಯುವ ಆಟೋಗೆ ತಂದ. ಹಾಗೆ ತಂದರೆ ಪ್ರೋಗ್ರಾಮಿನ ಮುಂದಿನ ಹೊತ್ತು ಬರುವವರೆಗೆ ಪೆಟ್ಟಿಗೆ ಆಫ್‌ನಲ್ಲೇ ಇರುತ್ತದೆ. ಮೋಟರು ಸುಮ್ಮನಿತ್ತು. ಬದುಕಿನಲ್ಲಿ ಎಲ್ಲವನ್ನೂ ಮತ್ತೆ ಮತ್ತೆ ನೋಡುವ ಅವನು ಪ್ರೋಗ್ರಾಂ ಒಂದನ್ನು ಮಾತ್ರ ಮತ್ತೆ ನೋಡಲಿಲ್ಲ. ಅದನ್ನು ಬೆಳಗ್ಗೆಯೇ ಅಷ್ಟು ಸಲ ನೋಡಿಯಾಗಿತ್ತಲ್ಲ.

ಮರುದಿನ ಊಟವಾದ ಮೇಲೆ ಅತ್ತೆಯನ್ನು ಎಲ್ಲರೂ ಸೇರಿ ಮೇಲೆ ಕಳಿಸಿದರು. ಐದು ಗಂಟೆಗೆ ಮೊದಲು ಕೆಳಗೆ ಕಾಣಿಸಿಕೊಳ್ಳಕೂಡದು ಎಂದು ಮಗಳು ತಾಕೀತು ಮಾಡಿದಳು. ಅತ್ತೆ ಈ ದಿನಕ್ಕೆಂದೇ ದಿಂಬಿಗೆ ಒಗೆದ ಗವುಸು ಹಾಕಿಕೊಂಡಿದ್ದರು. ಮಲಗಿದರು. ಆದರೆ ಕಿವಿ ಮಲಗಬೇಕಲ್ಲ. ಎರಡಾಯಿತು, ಮೋಟರಿನ ಸದ್ದಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದರು. ಸದ್ದಿಲ್ಲ. ಅಯ್ಯೋ, ಅಳಿಯಂದಿರ ಪೆಟ್ಟಿಗೆ ಕೆಲಸ ಮಾಡಲಿಲ್ಲ, ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾರೋ ಎಂದು ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಗೋಡೆ ಹಿಡಿದು ಇಳಿದು, ಹಳೆಯ ಸ್ವಿಚ್ಚು ಒತ್ತಿದರು. ಮೋಟರು ಓಡಿತು. ಬಂದ ಹಾಗೇ ಹತ್ತಿ ಹೋದರು.

ಅಂಗಡಿಯಲ್ಲಿ ಕೂತಿದ್ದ ಮಾವನಿಗೆ ಸದ್ದು ಕೇಳಿಸಿತು. ತನ್ನ ಉಪಾಯ ಫಲಿಸಿತೆಂದು ಮೀಸೆಯಲ್ಲೇ ನಕ್ಕರು. ಬಟ್ಟೆ ತಲುಪಿಸಿ ಮೂರಕ್ಕೆ ಮೊದಲು ಓಡೋಡಿ ಬಂದ ಅಳಿಯನಿಗೂ ಸದ್ದು ಕೇಳಿಸಿತು. ಎಡಗಡೆಯ ತಂತಿಯನ್ನು ನೆನೆದು ಅವನೂ ನಕ್ಕ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಯಾಕೆಂದು ಇಬ್ಬರೂ ಕೇಳಲಿಲ್ಲ.

ಮೂರಾಯಿತು. ಮೋಟರು ನಿಲ್ಲಲಿಲ್ಲ. ಮಾವ ಗಡಿಯಾರ ನೋಡಿದರು, ಮುಂದಿರಬೇಕು ಎಂದುಕೊಂಡರು. ಅಳಿಯ ಕೈಗಡಿಯಾರ ನೋಡಿಕೊಂಡು, ಮಾವ ಅತ್ತ ತಿರುಗಿದರೆ ಮೆಟ್ಟಿಲ ಕೆಳಗೆ ನುಸುಳೋಣವೆಂದು ಕಾದ. ಇನ್ನಷ್ಟು ಹೊತ್ತು ಕಳೆಯಿತು. ಪಕ್ಕದ ತಗಡಿನ ಮೇಲೆ ಮೊದಲು ತಟಪಟ ಎಂದಿತು, ಆಮೇಲೆ ಧೋ ಎಂದಿತು. ಟೈಲರು ಒಂದು ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಒಳಗೆ ಬಂದರು. ಅದರ ಒಂದು ತೋಳಿನಿಂದ ನೀರು ಇಳಿಯುತ್ತಿತ್ತು.

"ಒಗೆಯೋದು ನಿಮ್ಮ ಕೆಲಸ ಅಂತ ಗೊತ್ತು. ಆದರೆ ಹೊಲಿಯೋಕ್ ಮುಂಚೆನೇ ಒಗೀಬೇಡಿ," ಎಂದರು.

ಮೂವರೂ ಮೆಟ್ಟಿಲ ಕೆಳಗೆ ಓಡಿದರು. ಇಸ್ತ್ರಿ ಬಿಟ್ಟು ಮಗಳೂ ಬಂದಳು. ಅಲ್ಲಿ ಅತ್ತೆ ಬರಿಗಾಲಲ್ಲಿ ನಿಂತು, ಹಳೆಯ ಸ್ವಿಚ್ಚನ್ನು ಮೇಲೆ ಕೆಳಗೆ ಟಪಟಪ ಮಾಡುತ್ತಿದ್ದರು. ಮೋಟರು ಅವರನ್ನು ಕ್ಯಾರೇ ಎನ್ನದೆ ಓಡುತ್ತಿತ್ತು.

ಅಳಿಯ ಮೇನ್ ಸ್ವಿಚ್ಚು ಇಳಿಸಿದ. ಮೋಟರು ನಿಂತಿತು. ತಗಡಿನ ಮೇಲೆ ಕೊನೆಯ ಹನಿಗಳು ಬೀಳುವುದು ಕೇಳುತ್ತಿತ್ತು.

"ಅತ್ತೆ, ನೀವು ಮಲಗಿರಲಿಲ್ವಾ?" ಎಂದ.

"ಮಲಗಿದ್ದೆ ಕಣಪ್ಪಾ," ಎಂದರು ಅತ್ತೆ ಸ್ವಿಚ್ಚಿನ ಮೇಲಿನ ಕೈ ತೆಗೆಯದೆ. "ಸ್ವಲ್ಪ ನಿಂತುಕೊಂಡು ಮಲಗಿದ್ದೆ."

ಆಮೇಲೆ ಒಂದೊಂದೇ ಹೊರಬಿತ್ತು. ಅತ್ತೆ ಹಾಕಿದ್ದು, ಅಳಿಯ ತಂತಿ ಬದಲಿಸಿದ್ದು. ಮಾವ ಬಹಳ ಹೊತ್ತು ಕನ್ನಡಕ ಒರೆಸಿದರು.

"ನಾನೂ ಸ್ವಲ್ಪ ಗುಂಡಿ ಒತ್ತಿದೆ," ಎಂದರು ಕೊನೆಗೆ. "ಅಳಿಯಂದ್ರಿಗೆ ಬೇಜಾರಾಗಬಾರದು ಅಂತ." ತಂತಿಯೂ ತಿರುಗಿ ಪ್ರೋಗ್ರಾಮೂ ತಿರುಗಿ, ಮೂರಕ್ಕೆ ಆರಬೇಕಾದ ಪೆಟ್ಟಿಗೆ ಮೂರಕ್ಕೇ ಆನ್ ಆಗಿತ್ತು.

ಟೈಲರು ಎಲ್ಲರ ಮುಖವನ್ನೂ ಅಳತೆ ತೆಗೆಯುವವರಂತೆ ನೋಡಿದರು. ಮಗಳು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಈ ಮನೇಲಿ ಒಬ್ಬರು ತಪ್ಪು ಮಾಡಿದರೆ ಉಳಿದವರೆಲ್ಲ ಸೇರಿ ಅದನ್ನ ಸಾಕಿ ದೊಡ್ಡದು ಮಾಡ್ತೀರಲ್ಲ," ಎಂದಳು.

ಅವತ್ತು ಸಂಜೆ ಟೈಮರಿನ ಎದುರು ಸಭೆ ಸೇರಿತು. ಅಳಿಯ ಪ್ರತಿಯೊಂದು ತಂತಿಯನ್ನೂ ಮುಟ್ಟಿ ಇದು ಎಲ್ಲಿಂದ ಎಲ್ಲಿಗೆ ಎಂದು ಗಟ್ಟಿಯಾಗಿ ಹೇಳಿದ. ಮಾವ ಪ್ರತಿಯೊಂದು ಗುಂಡಿಯನ್ನೂ ಗಟ್ಟಿಯಾಗಿ ಹೇಳಿಯೇ ಒತ್ತಿದರು. ಅತ್ತೆ ಪಕ್ಕದಲ್ಲಿ ನಿಂತು ಕೈ ಕಟ್ಟಿಕೊಂಡಿದ್ದರು, ಅದು ತಾನಾಗಿ ಸ್ವಿಚ್ಚಿನ ಕಡೆ ಹೋಗದಿರಲೆಂದು.

ಮಾರನೆಯ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕಾಂಟ್ಯಾಕ್ಟರು ಢಕ್ ಎಂದಿತು, ಮೋಟರು ಓಡಿತು. ಅಳಿಯ ಮುಷ್ಟಿ ಬಿಗಿಹಿಡಿದು ನಿಂತಿದ್ದ. ಮೂರಕ್ಕೆ ಮತ್ತೆ ಢಕ್, ಮೋಟರು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅತ್ತೆ ಇಳಿದು ಬಂದು ಎದುರು ನಿಂತರು. ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಅಳಿಯಂದ್ರೇ, ನಿಮ್ಮ ಪೆಟ್ಟಿಗೆ ಸರಿ ಇಲ್ಲ. ಗೋಡೆಯೊಳಗಿಂದ ನನ್ನ ತಲೆದೆಸೇಲೇ ಢಕ್ ಅಂತ ಒದೆಯುತ್ತೆ. ಎರಡು ಸಲಾನೂ ಎಚ್ಚರ ಆಯ್ತು."

ಆ ಮನೆಗೆ ಅಳಿಯನಾಗಿ ಬಂದಂದಿನಿಂದ ಅವನ ಕೆಲಸ ಸರಿಯಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹೇಳದೆ ಬಿಟ್ಟದ್ದು ಎಷ್ಟಿದೆಯೋ ಎಂದು ಅವನು ಎಷ್ಟೋ ಸಲ ಹಾಸಿಗೆಯಲ್ಲಿ ಹೊರಳಾಡಿದ್ದ. ಈಗ ಒಂದು ತಪ್ಪು ಕಣ್ಣೆದುರು ಬಂದು ನಿಂತಿತ್ತು, ಅದೂ ಸರಿ ಮಾಡಲು ಬರುವಂಥದ್ದು. ಸಂತೋಷದಿಂದ ಅವನು ಆಗಲೇ ಕೆಲಸಕ್ಕಿಳಿದ. ಹಳೆಯ ವಾಷಿಂಗ್ ಮಷೀನಿನ ಬೆಲ್ಟು ಕತ್ತರಿಸಿ, ಕಾಂಟ್ಯಾಕ್ಟರಿನ ಕೆಳಗೂ ಹಲಗೆಯ ಹಿಂದೆಯೂ ರಬ್ಬರಿನ ತುಂಡುಗಳನ್ನು ಕೊಟ್ಟು ಕೂರಿಸಿದ.

ಅದರ ಮರುದಿನ ಎರಡು ಗಂಟೆ ದಾಟಿದ ಮೇಲೆ ಟೈಲರು ಇಣುಕಿ, ಇವತ್ತು ಕೋಟು ಹೊರಗೆ ಹಾಕಬಹುದೇ ಎಂದು ಕೇಳಿದರು. ಮಾವ ತುಟಿಯ ಮೇಲೆ ಬೆರಳಿಟ್ಟು ಮೇಲಕ್ಕೆ ತೋರಿಸಿದರು. ಮೋಟರಿನ ಗುರ್ ಎನ್ನುವ ಸದ್ದಿನ ಜೊತೆಗೆ ಮಹಡಿಯಿಂದ ಇನ್ನೊಂದು ಗುರ್ ಕೇಳಿಬರುತ್ತಿತ್ತು.

ಮೂರಕ್ಕೆ ಮೊದಲನೆಯದು ನಿಂತಿತು. ಎರಡನೆಯದು ನಿಲ್ಲಲಿಲ್ಲ.

ಅಳಿಯ ಗೋಡೆ ಗಡಿಯಾರ ನೋಡಿ, "ಮಾವ, ಗಡಿಯಾರ ಮುಂದೆ ಇದೆ," ಎಂದು ಪಿಸುಗುಟ್ಟಿದ.

"ಗೊತ್ತು. ನಾನೇ ತಿರುಗಿಸ್ತೀನಿ, ನೀವು ಮುಟ್ಟಬೇಡಿ," ಎಂದು ಮಾವನೂ ಪಿಸುಗುಟ್ಟಿದರು.

"ಸುಮ್ಮನಿರಿ ಇಬ್ಬರೂ," ಎಂದಳು ಮಗಳು ಇಸ್ತ್ರಿಯ ಹಿಂದಿನಿಂದ. "ಸ್ವಲ್ಪ ಜಾಸ್ತಿ ಮುಂದಕ್ಕೆ ಇಟ್ಟಿದ್ದೇ ನಾನು. ಬೆಳಗ್ಗೆ ನೀವಿಬ್ಬರೂ ಒಬ್ಬರ ಹಿಂದೆ ಒಬ್ಬರು ಹಿಂದಕ್ಕೆ ತಿರುಗಿಸಿದ್ದನ್ನ ನೋಡಿದೆ."