ಗ್ರಹಣದ ದಿನ ಹೊಲಿದ ಗುಂಡಿ

"ಗ್ರಹಣದಲ್ಲಿ ಸೂಜಿ ಹಿಡ್ದೋಳು ಇವ್ಳು! ಹೊಟ್ಟೇಲಿದ್ದ ಕೂಸಿನ ಬೆನ್ನನ್ನೇ ಚುಚ್ಚಿ ಹಾಕಿದ್ಲು. ಇವಳ ಕೈಯಿಂದ ಯಾರೂ ಕುಂಕುಮ ಇಸ್ಕೋಬೇಡ್ರವ್ವ."

ನನ್ನ ಸೋದರತ್ತೆ ಪುಟ್ಟೀರಮ್ಮ ಹೀಗಂದದ್ದು ನನ್ನ ಮಗಳ ನಾಮಕರಣದ ದಿನ, ತೊಟ್ಟಿಲ ಸುತ್ತ ಬೀದಿಯ ಹೆಂಗಸರೆಲ್ಲ ನಿಂತಿದ್ದಾಗ. ನನ್ನ ಹೆಂಡತಿ ಶಿವಲೀಲಳ ಕೈಯಲ್ಲಿ ಕುಂಕುಮದ ತಟ್ಟೆಯಿತ್ತು. ತಟ್ಟೆ ಅಲುಗಲಿಲ್ಲ. ಅವಳ ಕಣ್ಣು ಮಾತ್ರ ನನ್ನ ಅಂಗಿಯ ಎರಡನೇ ಗುಂಡಿಯ ಮೇಲೆ ಬಂದು ನಿಂತಿತು. ಅವಳು ಸೂಜಿ ಹಿಡಿದದ್ದು ಆ ಗುಂಡಿಗಾಗಿ. ಕಿತ್ತುಹೋಗಿದೆ, ಈಗಲೇ ಹಾಕಿಕೊಡು ಎಂದು ಕೂಗಾಡಿದವನು ನಾನು.

ಕೂಗಾಡುವುದು ನನಗೆ ಹೊಸದಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟರ ಬೆತ್ತ ಕಿತ್ತು ಮುರಿದು ಶಾಲೆಯಿಂದ ಹೊರಬಿದ್ದವನು, ಗೇಟು ಕಿಟಕಿ ಬೆಸೆಯುವ ಅಂಗಡಿ ಸೇರಿದೆ. ಯಾರಾದರೂ ಒಂದು ಅಂದರೆ ನಾಲ್ಕು ಅನ್ನುತ್ತಿದ್ದೆ. ಈಗ ಅತ್ತೆಯ ಗ್ರಹಚಾರ ಬಿಡಿಸುತ್ತಾನೆ ಎಂದು ಹೆಂಗಸರೆಲ್ಲ ನನ್ನತ್ತ ತಿರುಗಿದರು. ನನ್ನ ಬಾಯಿ ಏಳಲಿಲ್ಲ. ಅದಕ್ಕೆ ಕಾರಣ ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ನಮ್ಮ ಬೀದಿಯ ನರ್ಸ್ ಫಿಲೋಮಿನಮ್ಮ ಅಂಗಡಿಯ ಬಾಗಿಲಿಗೇ ಬಂದು ಒಂದು ಕಾಗದದ ಪೊಟ್ಟಣ ಕೊಟ್ಟರು. ಒಳಗೆ ಹಳದಿ ಗುಳಿಗೆಗಳು.

"ಫೋಲಿಕ್ ಗುಳಿಗೆ ಕಣಪ್ಪ. ನಿನ್ನ ಹೆಂಡತಿಗೆ ಕೊಡು, ದಿನಕ್ಕೊಂದು. ಬಸಿರಾದ ಮೇಲೆ ನೋಡೋಣ ಅಂತ ಕಾಯಬೇಡಿ. ಇವತ್ತಿಂದಲೇ ನುಂಗಲಿ, ಮುಂದೆ ಕೂಸಿಗೆ ಒಳ್ಳೇದು."

ಜೊತೆಗೆ ಕೆಲಸ ಮಾಡುತ್ತಿದ್ದ ಚನ್ನಿಗ ಕೈಲಿದ್ದ ಸುತ್ತಿಗೆ ಕೆಳಗಿಟ್ಟ. "ಏನ್ಲಾ, ಕೂಸಿಗೆ ಮೊದಲೇ ಔಷಧಿನಾ? ನಿನ್ ಕೈಲಿ ಆಗಲ್ಲ ಅಂತ ನರ್ಸಮ್ಮಂಗೂ ಗೊತ್ತಾಗೋಯ್ತಾ?"

ಅಂಗಡಿಗೆ ಅಂಗಡಿಯೇ ನಕ್ಕಿತು. ಫಿಲೋಮಿನಮ್ಮ ಬೀದಿ ತಿರುಗಿದ್ದೇ ತಡ, ಕಾದ ಕಬ್ಬಿಣ ಅದ್ದುವ ನೀರಿನ ತೊಟ್ಟಿಗೆ ಪೊಟ್ಟಣವನ್ನು ಎಸೆದೆ. "ನನ್ನ ಹೆಂಡ್ತಿಗೆ ಯಾವ ಗುಳಿಗೇನೂ ಬೇಕಿಲ್ಲ!" ಸಂಜೆಯ ಹೊತ್ತಿಗೆ ತೊಟ್ಟಿಯ ನೀರು ಹಳದಿಯಾಗಿತ್ತು. ಶಿವಲೀಲಳಿಗೆ ನಾನು ಹೇಳಲಿಲ್ಲ. ಅಂಥದ್ದೊಂದು ಗುಳಿಗೆ ಇದೆ ಎಂಬುದೇ ಅವಳಿಗೆ ಗೊತ್ತಾಗಲಿಲ್ಲ.

ಮಗಳು ಹುಟ್ಟಿದಾಗ ಸೊಂಟದ ಮೇಲೆ, ಬೆನ್ನಿನ ನಡುವೆ, ನೀರು ತುಂಬಿದ ಗುಳ್ಳೆಯಂಥ ಗಂಟಿತ್ತು. ಶಿವಲೀಲ ಹೆರಿಗೆಯ ಹಾಸಿಗೆಯಲ್ಲೇ ಉಳಿದಳು. ಕೂಸನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದವನು ನಾನೊಬ್ಬನೇ. ಅಲ್ಲಿನ ಡಾಕ್ಟರಮ್ಮ ಮೇಜಿನ ಮೇಲಿದ್ದ ಹಾಳೆಯೊಂದನ್ನು ಸುರುಳಿ ಸುತ್ತಿ ತೋರಿಸಿದರು.

"ಬೆನ್ನುಹುರಿ ಮೊದಲು ಹೀಗೆ ಹಾಳೆ ಥರ ಇರುತ್ತೆ. ಆಮೇಲೆ ಸುತ್ತಿಕೊಂಡು ಕೊಳವೆ ಆಗುತ್ತೆ. ನಿಮ್ಮ ಮಗುವಿಗೆ ಇಲ್ಲಿ ಅಂಚು ಕೂಡಲಿಲ್ಲ. ಸ್ಪೈನಾ ಬೈಫಿಡಾ ಅಂತೀವಿ."

ತಗಡು ಸುತ್ತಿ ಕೊಳವೆ ಬೆಸೆಯುವವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ಒಂದು ಬೆರಳಿನಷ್ಟು ಅಂಚು ಬಿಟ್ಟುಹೋದರೆ ಏನಾಗುತ್ತದೆಂದು ನನಗೆ ಗೊತ್ತು.

"ಗ್ರಹಣದ ದಿನ ಅವಳು ಸೂಜಿ ಹಿಡಿದಿದ್ಲು ಮೇಡಂ. ಆಗ ಐದು ತಿಂಗಳು."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಪ್ಪ. ಇದು ಮೊದಲ ತಿಂಗಳಲ್ಲೇ ಆಗಿಹೋಗುತ್ತೆ, ಬಸಿರು ಅಂತ ತಾಯಿಗೇ ತಿಳಿಯೋ ಮುಂಚೆ. ಅದಕ್ಕೇ ಫೋಲಿಕ್ ಗುಳಿಗೆ ಮೊದಲೇ ಕೊಡೋದು. ನಿಮ್ಮ ಹೆಂಡತಿ ತಗೊಂಡಿದ್ರಾ?"

"ಮರೆತಳು," ಅಂದೆ.

ಅವರು ಅದನ್ನು ಬರೆದುಕೊಂಡರು. "ತಗೊಂಡವರಿಗೂ ಒಮ್ಮೊಮ್ಮೆ ಆಗುತ್ತೆ. ಮನೆಗೆ ಹೋಗಿ ಆಕೆಯನ್ನ ಬೈಬೇಡಿ," ಅಂದರು.

ಆಪರೇಷನ್ ಆಯಿತು, ಗಂಟು ಹೋಯಿತು. ಎಡಗಾಲು ಮಾತ್ರ ಅಲುಗಲಿಲ್ಲ. ಮನೆಗೆ ಬಂದು "ಎಲ್ಲ ಸರಿಹೋಗುತ್ತಂತೆ" ಎಂದಷ್ಟೇ ಹೇಳಿದೆ. ಗ್ರಹಣದ ಮಾತನ್ನು ಅತ್ತೆ ಅವತ್ತೇ ಶುರು ಮಾಡಿದ್ದಳು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಆ ಮಾತು ನನಗೆ ಬೇಕಾಗಿತ್ತು.

ಮೂರು ತಿಂಗಳಾದ ಮೇಲೆ, ಆ ನಾಮಕರಣದ ದಿನ, ಶಿವಲೀಲ ತಟ್ಟೆಯನ್ನು ತೊಟ್ಟಿಲ ಪಕ್ಕ ಕೆಳಗಿಟ್ಟಳು.

"ಡಾಕ್ಟ್ರ ಹತ್ರ ಹೋದವ್ರು ನೀವೊಬ್ರೇ. ಎಲ್ಲರ ಎದುರಿಗೇ ಕೇಳ್ತೀನಿ. ನನ್ನ ಸೂಜಿಯಿಂದ ಆಯ್ತಾ? ಹೌದು ಅಂದ್ರೆ ಹೌದು ಅನ್ನಿ. ಇಲ್ಲ ಅಂದ್ರೆ ಇಲ್ಲ ಅನ್ನಿ. ನಂಗೆ ರಾತ್ರಿ ನಿದ್ದೆ ಬರಲ್ಲ ಕಣ್ರೀ."

"ಅವನನ್ನೇನು ಕೇಳ್ತೀಯೇ? ಅವನ ಮುಖಾನೇ ಹೇಳ್ತಿಲ್ವಾ?" ಅಂದಳು ಅತ್ತೆ.

ತೊಟ್ಟಿಲಲ್ಲಿ ಮಗಳು ಬಲಗಾಲನ್ನು ಪಟಪಟ ಬಡಿಯುತ್ತಿದ್ದಳು. "ಇಲ್ಲ" ಎಂಬ ಒಂದೇ ಮಾತು ಸಾಕಿತ್ತು. ಆದರೆ ಇಲ್ಲ ಅಂದರೆ, ಮತ್ತೆ ಯಾತರಿಂದ ಎಂದು ಶಿವಲೀಲ ಕೇಳುತ್ತಿದ್ದಳು.

ಚಪ್ಪಲಿ ಮೆಟ್ಟಿಕೊಂಡೆ. ನಾನೇ ಬೆಸೆದ ಗೇಟನ್ನು ತಳ್ಳಿ ಬೀದಿಗೆ ಇಳಿದೆ. "ಹೇಳಿ ಹೋಗ್ರೀ," ಎಂಬ ಅವಳ ದನಿ ಹಿಂದೆ ಕೇಳಿಸಿತು. ತಿರುವಿನವರೆಗೂ ಅಂಗಿಯ ಎರಡನೇ ಗುಂಡಿಯನ್ನು ಹಿಡಿದು ಎಳೆಯುತ್ತಲೇ ನಡೆದೆ. ಅದು ಕಿತ್ತು ಬರಲಿಲ್ಲ.