ಮೀಟರ್ ಇದ್ದ ಜಾಗ

ಭಾನುವಾರ ಬೆಳಗ್ಗೆ ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದ ಶಶಿಧರ್ ಶೂ ಕೂಡ ಬಿಚ್ಚಲಿಲ್ಲ. ನನ್ನ ಮೊಮ್ಮಗಳು ಸಂಘಮಿತ್ರಾಗೆ ಆಫೀಸಿನಲ್ಲಿ ಅವನೇ ಮೇಲಿನವನು. ಸೂರ್ಯನಿಂದ ಕಣಗಳ ಬಿರುಗಾಳಿ ಎದ್ದರೆ ಬಾಹ್ಯಾಕಾಶದಲ್ಲಿರುವವರ ಮೈಗೆ ಎಷ್ಟು ವಿಕಿರಣ ತಗಲುತ್ತದೆಂದು ಅಂದಾಜು ಮಾಡುವುದು ಅವರ ಕೆಲಸ. ಅಂದಾಜು ಮಿತಿ ದಾಟಿದರೆ ನೌಕೆಯ ಒಳಗಿರುವವರು ವಿಕಿರಣ ತಡೆಯುವ ನೀರಿನ ಚೀಲಗಳ ಮರೆಗೆ ಹೋಗಬೇಕು. ದಾಟದಿದ್ದರೆ ಮಲಗಿದ್ದಲ್ಲೇ ಇರಬಹುದು.

ಅವನು ಈ ಸಲದ ಅಂದಾಜಿನ ವರದಿಯನ್ನು ಸಂಘಮಿತ್ರಾಳ ಮುಂದೆ ಮೇಜಿನ ಮೇಲೆ ಒಗೆದ.

"ಸೈನ್ ಹಾಕು. ನಿನ್ನೊಬ್ಬಳಿಂದ ಎಲ್ಲಾ ನಿಂತಿದೆ."

"ನೌಕೆಲಿ ವಿಕಿರಣ ಅಳೆಯೋ ಮೀಟರ್ ಇದ್ದಿದ್ದು ದಪ್ಪ ಗೋಡೆ ಹಿಂದೆ, ಸಾರ್. ಅವ್ರು ಮಲಗೋ ಕಡೆ ಗೋಡೆ ತೆಳ್ಳಗಿದೆ. ಅಲ್ಲಿ ಮೂರು ಪಟ್ಟು ಬರುತ್ತೆ, ಮಿತಿ ದಾಟುತ್ತೆ."

"ಮೀಟರ್ ತೋರಿಸಿದ್ದು ಬರಿ. ನಿನ್ ಊಹೆ ಯಾರಿಗ್ ಬೇಕು? ಸೈನ್ ಇಲ್ಲ ಅಂದ್ರೆ ಕೆಲ್ಸಾನೂ ಇಲ್ಲ."

"ಅವಳು ಹೇಳೋದು ಸರಿ ಸಾರ್" ಎಂದೆ.

"ಅಂಕಲ್, ನೀವೂ ವಿಜ್ಞಾನಿನಾ?"

"ಎಕ್ಸ್‌-ರೇ ರೂಮಲ್ಲಿ ಅಟೆಂಡರ್ ಆಗಿದ್ದೆ. ಮೂವತ್ತೊಂದು ವರ್ಷ."

"ಓಹೋ. ಹಾಗಾದ್ರೆ ಕ್ಲಾಸ್ ತಗೊಳ್ಳಿ, ಕೇಳ್ತೀನಿ."

ಹೇಳಿದೆ. ಆಸ್ಪತ್ರೆಯಲ್ಲಿ ನಮಗೆ ಎದೆಗೆ ಸಿಕ್ಕಿಸಿಕೊಳ್ಳಲು ಒಂದೊಂದು ಬ್ಯಾಡ್ಜ್ ಕೊಟ್ಟಿದ್ದರು. ಮೈಗೆ ಎಷ್ಟು ತಗಲಿದೆ ಎಂಬುದು ಅದರಲ್ಲಿ ಗೊತ್ತಾಗುತ್ತಿತ್ತು. ಹೆಚ್ಚು ತೋರಿಸಿದರೆ ತನಿಖೆಗೆ ಬರುತ್ತಾರೆಂದು ಮೇಲಿನವರು ಅವನ್ನೆಲ್ಲ ಕಿರಣ ತಾಗದ ಕಾರಿಡಾರಿನ ಮೊಳೆಗೆ ಹಾಕಿಸಿದರು. ಮೂರು ತಿಂಗಳಿಗೊಮ್ಮೆ, ಯಾರಿಗೂ ಏನೂ ತಗಲಿಲ್ಲ ಎಂದು ಕಾಗದ ಬರುತ್ತಿತ್ತು. ಜೊತೆಯಲ್ಲಿದ್ದ ಪಾಪಯ್ಯ, ಎಕ್ಸ್‌-ರೇ ತೆಗೆಯುವಾಗ ಮಕ್ಕಳು ಅಲುಗಾಡದಂತೆ ಹಿಡಿದುಕೊಂಡು ನಿಲ್ಲುತ್ತಿದ್ದವನು, ರಕ್ತದ ಕ್ಯಾನ್ಸರಿನಲ್ಲಿ ಹೋದ. ಅವನ ಹೆಂಡತಿ ಮುನಿಯಕ್ಕ ಪರಿಹಾರ ಕೇಳಲು ಬಂದಾಗ ಅದೇ ಕಾಗದ ತೋರಿಸಿ ಕಳಿಸಿದರು.

"ಮೊಳೆಗೆ ಹಾಕ್ತಿದ್ದೋರು ಯಾರು, ತಾತ?" ಸಂಘಮಿತ್ರಾ ಕೇಳಿದಳು.

"ನಾನೇ."

"ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಕೆಲಸ ಹೋಗುತ್ತೆ ಅಂತ ಸುಮ್ನಿದ್ದೆ."

ಶಶಿಧರ್ ನಕ್ಕ. "ನೋಡು, ನಿಮ್ ತಾತಂಗಿದ್ದ ಬುದ್ಧಿ ನಿಂಗಿಲ್ಲ."

ಅವಳು ವರದಿಯ ಅಂಕಿಗೆ ಗೀಟು ಹೊಡೆದು ಪಕ್ಕದಲ್ಲಿ ತನ್ನ ಅಂಕಿ ಬರೆದಳು. ಮೀಟರ್ ಎಲ್ಲಿತ್ತು, ಮಲಗುವವರು ಎಲ್ಲಿ ಎಂಬುದನ್ನೂ ಬರೆದು ಕೆಳಗೆ ಸಹಿ ಹಾಕಿದಳು. ಫೋನಿನಲ್ಲಿ ಫೋಟೋ ತೆಗೆದು ಪರಿಶೀಲನಾ ಸಮಿತಿಯವರಿಗೆ ಅಲ್ಲೇ ಕಳಿಸಿಬಿಟ್ಟಳು.

ಅವನ ನಗು ನಿಂತಿತು. "ನಾಳೆ ಐಡಿ ಕಾರ್ಡು ಗೇಟಲ್ಲೇ ಕೊಟ್ಬಿಡು. ಒಳಗೆ ಕಾಲಿಡ್ಬೇಡ."

ಅವನು ಮೆಟ್ಟಿಲಿಳಿದು ಹೋದ ಮೇಲೆ ತಿಂಡಿ ತಿನ್ನು ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

"ಮುನಿಯಕ್ಕ ಬದುಕಿದಾರಾ?"

"ವಸಂತಪುರದಲ್ಲಿ, ಮಗಳ ಮನೇಲಿ."

"ಬ್ಯಾಡ್ಜಿನ ವಿಷಯ ಅವ್ರಿಗೆ ಹೇಳಿದ್ಯಾ?"

"ಇಲ್ಲ."

"ಹೋಗಿ ಹೇಳು. ಹೇಳೋವರ್ಗೂ ನನ್ನ ಮಾತಾಡಿಸ್ಬೇಡ."