ಅಂತರದ ಪಾಠ

2019ರ ಸೆಪ್ಟೆಂಬರ್ 12, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಕಾಲೇಜಿನ ಎರಡನೇ ಮಹಡಿಯ ಪ್ರಯೋಗಾಲಯದಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ ನಡುವೆ ಜಾಗ ಮಾಡಲಾಗಿತ್ತು. ಟೇಪ್ ಮೇಷ್ಟ್ರು ಜೇಬಿನಿಂದ ಅಳತೆಯ ಟೇಪು ತೆಗೆದು ಮೇಜಿನ ಮೇಲಿಟ್ಟರು.

ಆ ಅಡ್ಡಹೆಸರು ಅವರಿಗೆ ಅಂಟಿ ವರ್ಷಗಳೇ ಆಗಿದ್ದವು. ಶರೀರಶಾಸ್ತ್ರದವರು; ಅಳೆಯದೆ ಯಾವುದನ್ನೂ ನಂಬುವ ಜಾಯಮಾನ ಅವರದಲ್ಲ. ಎರಡನೇ ವರ್ಷದವರಿಗೆಲ್ಲ ಕಡ್ಡಾಯವಾದ ‘ಮಾನವ ಲೈಂಗಿಕತೆ ಮತ್ತು ಸಂಸ್ಕೃತಿ’ ಎಂಬ ವಿಷಯವನ್ನು ಕಲಿಸುವುದರಿಂದ ಉಳಿದ ಅಧ್ಯಾಪಕರೆಲ್ಲ ಒಂದೊಂದು ನೆಪ ಹೇಳಿ ನುಣುಚಿಕೊಂಡಾಗ ಅದು ಇವರ ಕೊರಳಿಗೆ ಬಿತ್ತು. ಇವರಿಗೆ ಮುಜುಗರವೇನೂ ಆಗಲಿಲ್ಲ. ಮೊಣಕಾಲು, ಮೊಣಕೈ ಎಂದಷ್ಟೇ ಸಲೀಸಾಗಿ ಎಲ್ಲ ಅಂಗಗಳ ಹೆಸರನ್ನೂ ಹೇಳುತ್ತಿದ್ದರು. ಈ ವರ್ಷವೂ ಮೊದಲ ವಾರ ಕಿಸಕ್ಕನೆ ನಕ್ಕವರು ಮೂರನೇ ವಾರಕ್ಕೆ ಕೈ ಎತ್ತಿ ಪ್ರಶ್ನೆ ಕೇಳತೊಡಗಿದ್ದರು.

“ಇಬ್ಬರು ಗಂಡಸರು ಕೈ ಹಿಡ್ಕೊಂಡು ರಸ್ತೇಲಿ ಹೋಗ್ತಿದ್ದಾರೆ ಅನ್ನಿ,” ಎಂದರು ಮೇಷ್ಟ್ರು. “ಕೆಲವು ಕಡೆ ಸ್ನೇಹಿತರು ಅಂತಾರೆ. ಕೆಲವು ಕಡೆ ಪ್ರೇಮಿಗಳು ಅಂತಾರೆ. ಇನ್ನು ಕೆಲವು ಕಡೆ ಪೊಲೀಸರನ್ನ ಕರೀತಾರೆ. ಕೈ ಅದೇ, ಚರ್ಮ ಅದೇ, ನರಾನೂ ಅದೇ. ಬದಲಾಗಿದ್ದೇನು?”

“ನೋಡೋರ ಕಣ್ಣು, ಸರ್,” ಎಂದ ಮುಂದಿದ್ದ ಗುಂಗುರು ಕೂದಲಿನ ಹುಡುಗ. ಅವನನ್ನು ಎಲ್ಲರೂ ಗುಂಗುರು ಎಂದೇ ಕರೆಯುತ್ತಿದ್ದರು.

“ಸರಿ. ಮುತ್ತು ಕೊಡೋದು ಎಲ್ಲ ಮನುಷ್ಯರಿಗೂ ಗೊತ್ತು ಅಂದ್ಕೊಂಡಿದ್ದೀರಾ? ಪ್ರೇಮಿಗಳು ಮುತ್ತು ಕೊಡೋ ರೂಢಿನೇ ಇಲ್ಲದ ಸಮಾಜಗಳಿವೆ.”

“ಪಾಪ, ಸರ್!”

“ಅವರು ನಿನ್ನ ನೋಡಿ ಪಾಪ ಅಂತಾರೆ, ಎಂಜಲು ಬಾಯಿಗೆ ಎಂಜಲು ಬಾಯಿ ಇಡ್ತಾನಲ್ಲಾ ಅಂತ.”

ನಗು ಕೋಣೆಯ ತುಂಬ ಹರಡಿತು. ಕಿಟಕಿಯ ಪಕ್ಕ ಗೋಡೆಗೊರಗಿ ನಿಂತಿದ್ದ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಅವಳು ಮೇಷ್ಟ್ರ ಮಗಳು.

ಅವಳು ನಗದೆ ಇರುವುದಕ್ಕೆ ಕಾರಣವಿತ್ತು. ಕಳೆದ ತಿಂಗಳು ಒಂದು ಸಂಜೆ ಮೇಷ್ಟ್ರು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದ್ದಳು: “ಅಪ್ಪ, ನಂಗೆ ಹುಡುಗರ ಮೇಲೆ ಮನಸ್ಸಾಗಲ್ಲ. ಒಬ್ಬಳು ಹುಡುಗಿ ಇದ್ದಾಳೆ.” ತಾಯಿಯಿಲ್ಲದ ಮಗಳು; ಹೇಳಲು ಇವರನ್ನು ಬಿಟ್ಟರೆ ಮನೆಯಲ್ಲಿ ಇನ್ನಾರೂ ಇರಲಿಲ್ಲ. ಮೇಷ್ಟ್ರು ಚಾಕು ಕೆಳಗಿಟ್ಟು ಕೈ ಒರೆಸಿಕೊಂಡರು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. “ಇದರಲ್ಲಿ ಅಸಹಜ ಅನ್ನೋದೇನೂ ಇಲ್ಲ,” ಎಂದು ಶುರುಮಾಡಿದರು. ಪ್ರಾಣಿಗಳಿಗೆ ಹೋದರು, ಅಲ್ಲಿಂದ ಹಳೆಯ ಸಮಾಜಗಳಿಗೆ ಬಂದರು. ಒದ್ದೆ ಬೆರಳಿನಿಂದ ಕಟ್ಟೆಯ ಮೇಲೆ ಒಂದು ನಕ್ಷೆಯನ್ನೂ ಬರೆದರು. ಆಡಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಮಗಳು ಕೊನೆಯವರೆಗೂ ಕೇಳಿಸಿಕೊಂಡು, “ಇದು ಪರೀಕ್ಷೆಗೆ ಬರುತ್ತಾ, ಸರ್?” ಎಂದಿದ್ದಳು.

ಅಂದಿನಿಂದ ಮನೆಯಲ್ಲೂ ಅವರು ಸರ್ ಆದರು. ‘ಊಟ ರೆಡಿ, ಸರ್.’ ‘ಗ್ಯಾಸ್ ಮುಗಿದಿದೆ, ಸರ್.’ ಮೊನ್ನೆ ಮಾತ್ರ ಸ್ವಲ್ಪ ಉದ್ದದ ಮಾತು ಬಂದಿತ್ತು: “ಭಾನುವಾರದಿಂದ ಅತ್ತೆ ಮನೇಲಿರ್ತೀನಿ, ಸರ್. ಅಲ್ಲಿಂದ ಬಸ್ಸು ಹತ್ತಿರ.” ಬಸ್ಸು ಹತ್ತಿರವಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ತಡೆಯಬೇಕೆಂದು ಬಾಯಿ ತೆರೆದರು. ತುದಿನಾಲಿಗೆಗೆ ಬಂದದ್ದು ಮತ್ತೆ ಒಂದು ವಿವರಣೆ. ಬಾಯಿ ಮುಚ್ಚಿಕೊಂಡರು.

“ಪ್ರಯೋಗ ಸರಳ,” ಎಂದರು ಈಗ. “ಜೋಡಿಯಾಗಿ. ಒಬ್ಬರು ನಿಂತಿರೋದು, ಇನ್ನೊಬ್ಬರು ಎದುರಿನಿಂದ ನಿಧಾನಕ್ಕೆ ನಡ್ಕೊಂಡು ಬರೋದು. ಇನ್ನು ಹತ್ತಿರ ಬೇಡ ಅನ್ನಿಸಿದಾಗ ನಿಂತಿರೋರು ‘ಸಾಕು’ ಅನ್ಬೇಕು. ಬರೋರು ಮಾತಾಡೋ ಹಾಗಿಲ್ಲ. ಕಾಲ್ಬೆರಳ ತುದಿಯಿಂದ ಕಾಲ್ಬೆರಳ ತುದಿಗೆ ಅಳತೆ. ಇದೇ ಪ್ರಯೋಗ ಬೇರೆ ದೇಶದಲ್ಲಿ ಮಾಡಿದ್ರೆ ಬೇರೆ ಅಂಕಿ ಬರುತ್ತೆ. ಜೋಡಿ ಸಿಗದವರು ನನ್ನ ಜೊತೆ.”

ಟೇಪು ಕೈಯಿಂದ ಕೈಗೆ ಹೋಯಿತು. ಗೆಳತಿಯರು ಐವತ್ತು ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಂತರು. ಮಾತೇ ಆಡದ ಸಹಪಾಠಿಗಳು ಒಂದು ಮೀಟರು ದಾಟಿದರು. ಒಬ್ಬ ಹುಡುಗ ಇನ್ನೂ ಬಾಗಿಲ ಹತ್ತಿರವಿದ್ದಾಗಲೇ ಎದುರಿಗಿದ್ದವಳು “ಸಾಕು” ಅಂದಳು, ಟೇಪು ಸಾಲಲಿಲ್ಲ. ಎಲ್ಲ ಮುಗಿದಾಗ ಕಿಟಕಿಯ ಬಳಿ ಒಬ್ಬಳು ಉಳಿದಳು. ಅವಳ ಜೋಡಿ ಆ ದಿನ ರಜೆ ಹಾಕಿದ್ದಳು.

“ಅಷ್ಟಿದ್ರೆ ಸಾಕು, ಸರಾಸರಿ ತೆಗೀರಿ,” ಎಂದರು ಮೇಷ್ಟ್ರು, ಮುಖ ಬೋರ್ಡಿನ ಕಡೆ ತಿರುಗಿಸಿ.

“ಅದೆಲ್ಲ ಆಗಲ್ಲ, ಸರ್!” ಗುಂಗುರು ಬಿಡಲಿಲ್ಲ. “ಜೋಡಿ ಸಿಗದವರು ನನ್ನ ಜೊತೆ ಅಂದೋರು ನೀವೇ.”

ಮಗಳು ಗೋಡೆ ಬಿಟ್ಟು ನಡುವೆ ಬಂದು ನಿಂತಳು. ಕೈಗಳು ಬೆನ್ನ ಹಿಂದೆ. ಮೇಷ್ಟ್ರು ಎದುರು ಗೋಡೆಯಿಂದ ಹೊರಟರು. ಈ ಪ್ರಯೋಗವನ್ನು ಎಷ್ಟೋ ತಂಡಗಳಿಗೆ ಮಾಡಿಸಿದ್ದರೂ ನಡೆಯುವವರ ಬಾಯಿ ಹೀಗೆ ಒಣಗುತ್ತದೆಂದು ಅವರು ಎಲ್ಲೂ ದಾಖಲಿಸಿರಲಿಲ್ಲ. ಸ್ವಲ್ಪ ದೂರ ಬಂದು ನಿಂತರು. ಗುಂಗುರು ಮಂಡಿಯೂರಿ ಟೇಪು ಎಳೆದ.

“ತೊಂಬತ್ತಾರು!”

“ನಾನಿನ್ನೂ ಸಾಕು ಅಂದಿಲ್ವಲ್ಲ, ಅಪ್ಪ,” ಎಂದಳು ಮಗಳು.

ಮೇಷ್ಟ್ರು ಕೆಳಗೆ ನೋಡಿದರು. ನಿಂತದ್ದು ಹೌದು, ತಾವೇ. ತಡೆದವರು ಯಾರೂ ಇರಲಿಲ್ಲ. ಮತ್ತೆರಡು ಪುಟ್ಟ ಹೆಜ್ಜೆ ಇಟ್ಟರು. ಅವಳು ಆಗಲೂ ‘ಸಾಕು’ ಅನ್ನಲಿಲ್ಲ.

“ಭಾನುವಾರ ಹೋಗ್ಬೇಡ ಮರೀ,” ಎಂದರು ಮೆಲ್ಲಗೆ. “ಆ ಹುಡುಗೀನ ಊಟಕ್ಕೆ ಕರಿ. ನಾನು ಏನೂ ವಿವರಿಸಲ್ಲ.”

ಕೆಳಗೆ ಕೂತಿದ್ದ ಗುಂಗುರುವಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ. ತುಟಿ ಅಲುಗಿದ್ದು ಮಾತ್ರ ಕಂಡಿತು. “ಸರ್, ಬರೋರು ಮಾತಾಡೋ ಹಾಗಿಲ್ಲ! ಈ ರೀಡಿಂಗ್ ಲೆಕ್ಕಕ್ಕಿಲ್ಲ!”

“ಹೌದು, ಇದು ಲೆಕ್ಕಕ್ಕಿಲ್ಲ,” ಎಂದಳು ಮಗಳು, ಬೆನ್ನ ಹಿಂದಿನ ಕೈ ಬಿಡಿಸಿಕೊಂಡು ಕಣ್ಣೊರೆಸುತ್ತ. “ಭಾನುವಾರ ಮನೇಲೇ ಇರ್ತೀನಿ. ಅಪ್ಪ, ಗೋಡೆ ಹತ್ರ ಹೋಗಿ ಇನ್ನೊಂದ್ಸಲ ಬಾ.”

ಮೇಷ್ಟ್ರು ಗೋಡೆಯವರೆಗೆ ಹಿಂದಕ್ಕೆ ಹೋಗಿ, ಬಾಯಿ ಮುಚ್ಚಿಕೊಂಡು ಮತ್ತೆ ನಡೆದು ಬಂದರು. ಈ ಸಲ ಅವರಾಗಿ ಎಲ್ಲೂ ನಿಲ್ಲಲಿಲ್ಲ. ಅವಳು “ಸಾಕು” ಎಂದ ಮೇಲೆ ಗುಂಗುರು ಎರಡು ಬಾರಿ ಅಳೆದು ಬೋರ್ಡಿನ ಮೇಲೆ ಬರೆದ. ಅಂತರ ಹದಿನೇಳು ಸೆಂಟಿಮೀಟರ್.